ಹಲವು ನೆಲೆಗಳ ಸಂಸ್ಥೆಗೆ ನೆಚ್ಚತಕ್ಕ ಅಂತರ್ಜಾಲ ಸಂಪರ್ಕ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿದಾಗ, ಹಳಗನ್ನಡದ ಛಂದಸ್ಸನ್ನೋ ವ್ಯಾಕರಣದ ಯಾವುದಾದರೊಂದು ಪ್ರಕರಣವನ್ನೋ ಕುರಿತು ಬರೆಯುವೆನೆಂದು ಅವರು ಭಾವಿಸಿದ್ದಿರಬೇಕು. ಸಂಧಿ ಸಮಾಸಗಳನ್ನು ಪಾಠ ಹೇಳಿಕೊಂಡು ಬಂದವನಿಗೆ ಅಂತರ್ಜಾಲದ ತಂತಿಗಳ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಿದರೆ ಅದೂ ಸಹಜವೇ. ಇದಕ್ಕೆ ನನ್ನ ಸಮಾಧಾನ ಇಷ್ಟೆ: ನಮ್ಮ ಸಂಸ್ಥೆಯ ಎಲ್ಲ ನೆಲೆಗಳಿಗೂ ಸಂಪರ್ಕವನ್ನು ಆರಿಸಲು ಆಡಳಿತ ಮಂಡಲಿಯು ನೇಮಿಸಿದ ಉಪಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ. ಪಂಡಿತನಾದವನು ಕರಾರುಪತ್ರದ ಭಾಷೆಯನ್ನಾದರೂ ಸರಿಯಾಗಿ ಓದಿಯಾನೆಂಬ ನಂಬಿಕೆಯಿಂದ ನನ್ನನ್ನು ಸೇರಿಸಿಕೊಂಡಿದ್ದರು. ಅಲ್ಲಿ ಕಲಿತುದನ್ನು ಅಧ್ಯಾಪಕ ಬಂಧುಗಳೂ, ನಾನಾ ಉದ್ಯಮಗಳಲ್ಲಿ ನಿರತರಾದ ಹಿರಿಯ ವಿದ್ಯಾರ್ಥಿಗಳೂ, ಉದಾರಿಗಳಾದ ದಾನಿಗಳೂ ತಿಳಿದಿರುವುದು ಒಳ್ಳೆಯದೆಂದು ತೋರಿದ್ದರಿಂದ ಈ ಲೇಖನವನ್ನು ಬರೆದಿದ್ದೇನೆ.

ಒಂದು ಮಧ್ಯಾಹ್ನದ ಪಾಠ

ಉಪಸಮಿತಿ ಹುಟ್ಟಿದ್ದು ಒಂದು ಆತಂಕದ ದಿನದಿಂದ. ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತುಕೊಳ್ಳುವ ಮಕ್ಕಳ ವಿವರಗಳನ್ನು ಅಂತರ್ಜಾಲದ ಮೂಲಕ ತುಂಬಿ ಕಳಿಸಲು ಅಂದೇ ಕಡೆಯ ದಿನವಾಗಿತ್ತು. ಕೃಷ್ಣಮೂರ್ತಿಪುರಂನ ಕಾರ್ಯಾಲಯದಲ್ಲಿ ಗುಮಾಸ್ತರು ಬೆಳಗಿನಿಂದ ಕುಳಿತು ಹೆಸರು, ಜನ್ಮದಿನಾಂಕ, ಭಾವಚಿತ್ರಗಳನ್ನು ಒಂದೊಂದಾಗಿ ಏರಿಸುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಸಂಪರ್ಕವು ನಿಂತಿತು. ಯಾರೂ ಗಾಬರಿಗೊಳ್ಳಲಿಲ್ಲ, ಏಕೆಂದರೆ ಹಿಂದಿನ ವರ್ಷವಷ್ಟೇ ದಾನಿಗಳ ನೆರವಿನಿಂದ ಬೇರೊಂದು ಕಂಪನಿಯ ಎರಡನೆಯ ಸಂಪರ್ಕವನ್ನು ಹಾಕಿಸಲಾಗಿತ್ತು. ಗುಮಾಸ್ತರು ಅದಕ್ಕೆ ಬದಲಾಯಿಸಿಕೊಂಡರು. ಅದೂ ನಿಂತಿತ್ತು. ನಲವತ್ತೊಂದು ಮಕ್ಕಳ ವಿವರ ಇನ್ನೂ ಬಾಕಿ.

ಮುಖ್ಯೋಪಾಧ್ಯಾಯರೂ ನಾನೂ ಹೊರಗೆ ಬಂದು ನೋಡಿದೆವು. ಬಲ್ಲಾಳ್ ವೃತ್ತದ ಕಡೆಗೆ ಹೋಗುವ ದಾರಿಯಲ್ಲಿ ಯಾವುದೋ ಕಾಮಗಾರಿಗಾಗಿ ನೆಲವನ್ನು ಅಗೆದಿದ್ದರು. ಗುಂಡಿಯ ಬದಿಯಲ್ಲಿ ನಿಂತಿದ್ದ ತಂತಿ ಕೆಲಸದ ಹುಡುಗನೊಬ್ಬನು ನಮ್ಮ ಹಳೆಯ ವಿದ್ಯಾರ್ಥಿಯೇ ಆಗಿದ್ದ. "ಕಂಪ್ನಿ ಎರಡಾದ್ರೇನು ಮೇಷ್ಟ್ರೇ, ಪೈಪು ಒಂದೇ ಅಲ್ವಾ? ಎರಡೂ ಇದರೊಳಗೇ ಹೋಗಿತ್ತು," ಎಂದು ಅವನು ಸೀಳಿಹೋಗಿದ್ದ ಕೊಳವೆಯನ್ನು ತೋರಿಸಿದ.

ಎರಡು ವರ್ಷ ಎರಡು ಕಂಪನಿಗಳ ಬಾಡಿಗೆಯನ್ನು ತೆತ್ತ ನಾವು ಕೊಂಡದ್ದು ಎರಡು ಬಿಲ್ಲುಗಳನ್ನೇ ಹೊರತು ಎರಡು ದಾರಿಗಳನ್ನಲ್ಲ ಎಂಬುದು ಆ ಗುಂಡಿಯ ಅಂಚಿನಲ್ಲಿ ನಮಗೆ ಅರಿವಾಯಿತು. ಆ ಸಂಜೆ ದಾಖಲೆಗಳ ಕಟ್ಟನ್ನು ಹೊತ್ತು ಸರಸ್ವತಿಪುರಂನಲ್ಲಿದ್ದ ಹಿರಿಯ ವಿದ್ಯಾರ್ಥಿಯೊಬ್ಬರ ಅಂಗಡಿಗೆ ಹೋಗಿ, ಅವರ ಯಂತ್ರದಲ್ಲಿ ಕುಳಿತು ರಾತ್ರಿಯೊಳಗೆ ಕೆಲಸವನ್ನು ಮುಗಿಸಿದೆವು. ಮಕ್ಕಳಿಗೆ ತೊಂದರೆಯಾಗಲಿಲ್ಲ. ಆದರೆ ಆ ಅಂಗಡಿ ಅಂದು ಮುಚ್ಚಿದ್ದರೆ? ಇನ್ನೊಂದು ಮಾತು: ಮಕ್ಕಳ ಖಾಸಗಿ ವಿವರಗಳನ್ನು ಪರರ ಯಂತ್ರದಲ್ಲಿ ತುಂಬುವುದು, ಅಂಗಡಿಯವರು ಎಷ್ಟೇ ಆತ್ಮೀಯರಾಗಿರಲಿ, ಶಾಲೆಗೆ ಶೋಭಿಸುವ ಕಾರ್ಯವಲ್ಲ. ಇಂಥ ವಿವರಗಳ ರಕ್ಷಣೆಗಾಗಿಯೇ 2023ರಲ್ಲಿ ಪ್ರತ್ಯೇಕವಾದ ಅಧಿನಿಯಮವೊಂದು ಬಂದಿದೆ.

ಇಂದಿನ ಅವಲಂಬನೆ

ದೂರದ ದನಿಯನ್ನು ಮನೆಗೆ ತರುವ ವಿದ್ಯೆ ಮೈಸೂರಿಗೆ ಹೊಸದಲ್ಲ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವನ್ನು ನಡೆಸಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ದೊರೆತದ್ದು ಆ ಕೇಂದ್ರದಿಂದ. ಬಾನುಲಿ ಒಂದು ದಿನ ನಿಂತರೆ ಕೇಳುಗನಿಗೆ ಬೇಸರವಾದೀತು, ಅಷ್ಟೆ. ಅಂತರ್ಜಾಲದ ಸಂಗತಿ ಹಾಗಲ್ಲ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಈ ಸೇವೆಯನ್ನು ತೆರೆದಾಗ ಅದು ಕೆಲವರ ಕುತೂಹಲದ ವಸ್ತುವಾಗಿತ್ತು. ಈಗ ಅದು ಆಡಳಿತದ ಉಸಿರಾಗಿದೆ. ಮಕ್ಕಳ ದಾಖಲಾತಿ 'ಸ್ಯಾಟ್ಸ್'ನಲ್ಲಿ, ಶಾಲೆಯ ಅಂಕಿಅಂಶ 'ಯುಡೈಸ್ ಪ್ಲಸ್'ನಲ್ಲಿ, ವಿದ್ಯಾರ್ಥಿವೇತನದ ಅರ್ಜಿ ರಾಜ್ಯದ ಜಾಲತಾಣದಲ್ಲಿ. 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಕೊಠಡಿಗಳ ಕ್ಯಾಮೆರಾ ದೃಶ್ಯಗಳನ್ನು ಮೇಲ್ವಿಚಾರಣೆಗಾಗಿ ಅಂತರ್ಜಾಲದ ಮೂಲಕ ಕಳಿಸುವ 'ವೆಬ್‌ಕಾಸ್ಟಿಂಗ್' ಪದ್ಧತಿಯೂ ಬಂದಿತು.

ನಮ್ಮ ಹಿರಿಯ ವಿದ್ಯಾರ್ಥಿಗಳ ಪಾಡೂ ಇದೇ. ದೇವರಾಜ ಮಾರುಕಟ್ಟೆಯ ಬಳಿ ಅಂಗಡಿ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಉಗ್ರಾಣ, ನಂಜನಗೂಡಿನಲ್ಲಿ ಶಾಖೆ ಎಂದು ಮೂರು ಕಡೆ ವ್ಯಾಪಾರವನ್ನಿಟ್ಟುಕೊಂಡವರಿಗೆ ಸರಕಿನ ಲೆಕ್ಕ, ಬಿಲ್ಲು, ತೆರಿಗೆ, ಯುಪಿಐ ಪಾವತಿ ಎಲ್ಲವೂ ಇದೇ ದಾರಿಯಲ್ಲಿ ನಡೆಯಬೇಕು. ಒಂದು ನೆಲೆಯ ಸಂಪರ್ಕ ತಪ್ಪಿದರೆ ಉಳಿದ ನೆಲೆಗಳ ಲೆಕ್ಕವೂ ತಾಳ ತಪ್ಪುತ್ತದೆ. ಶಾಲೆಯೇ ಆಗಲಿ, ಅಂಗಡಿಯೇ ಆಗಲಿ, ಹಲವು ನೆಲೆಗಳುಳ್ಳ ಸಂಸ್ಥೆಯ ಪ್ರಶ್ನೆ ಒಂದೇ: ನೆಚ್ಚಬಹುದಾದ ಸಂಪರ್ಕ ಯಾವುದು?

ವೇಗ ಬೇರೆ, ನೆಚ್ಚಿಕೆ ಬೇರೆ

ಸಂಪರ್ಕವನ್ನು ಮಾರಲು ಬಂದವರು ಮೊದಲು ಹೇಳುವುದು ವೇಗವನ್ನು. ನೂರು, ಮುನ್ನೂರು, ಸಾವಿರ ಎಂದು ಸಂಖ್ಯೆಗಳು ಬರುತ್ತವೆ. ಈ ಸಂಖ್ಯೆಗಳ ವಿಷಯದಲ್ಲಿ ಮೂರು ಎಚ್ಚರಿಕೆಗಳು ಆವಶ್ಯಕ. ಮೊದಲನೆಯದಾಗಿ, ಇವು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದುದರಿಂದ ನೂರು ಮೆಗಾಬಿಟ್ಟಿನ ಸಂಪರ್ಕದಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಮಾತ್ರ ಸಾಗೀತು. ಎರಡನೆಯದಾಗಿ, 'ಬ್ರಾಡ್‌ಬ್ಯಾಂಡ್' ಎಂಬ ಹೆಸರೊಂದೇ ಏನನ್ನೂ ಭರವಸೆ ಕೊಡುವುದಿಲ್ಲ. 2023ರ ಆರಂಭದಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆಯು ಮಾಡಿದ ವ್ಯಾಖ್ಯೆಯ ಪ್ರಕಾರ ಆ ಹೆಸರಿಗೆ ಬೇಕಾದ ಕನಿಷ್ಠ ವೇಗ 2 ಮೆಗಾಬಿಟ್ ಮಾತ್ರ.

ಮೂರನೆಯದು ಹೆಚ್ಚಿನವರು ಗಮನಿಸದ ವಿಷಯ. ಜಾಲದಿಂದ ನಮ್ಮತ್ತ ಇಳಿದು ಬರುವ ವೇಗ ಒಂದು, ನಮ್ಮಿಂದ ಜಾಲಕ್ಕೆ ಏರಿ ಹೋಗುವ ವೇಗ ಇನ್ನೊಂದು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಬಹುಮಟ್ಟಿಗೆ ಇಳಿಕೆಯದು. ಮನೆಯಲ್ಲಿ ಚಲನಚಿತ್ರ ನೋಡುವವನಿಗೆ ಅದು ಸಾಕು. ಪರೀಕ್ಷಾ ಕೇಂದ್ರದ ಅಗತ್ಯವಾದರೋ ಇದಕ್ಕೆ ವಿಪರೀತ. ಒಂದು ಕ್ಯಾಮೆರಾದ ದೃಶ್ಯಕ್ಕೆ ಸುಮಾರು 2 ಮೆಗಾಬಿಟ್ ಏರಿಕೆ ಬೇಕೆಂದು ಇಟ್ಟುಕೊಂಡರೆ, ಹತ್ತು ಕೊಠಡಿಗಳಿಗೆ 20 ಮೆಗಾಬಿಟ್ ಏರಿಕೆಯು ಮೂರು ಗಂಟೆಯ ಕಾಲ ಎಡೆಬಿಡದೆ ಬೇಕು.

ಇಷ್ಟೆಲ್ಲ ಸರಿಯಾಗಿದ್ದರೂ ವೇಗವು ನೆಚ್ಚಿಕೆಯಲ್ಲ. ಓಡುವ ಕುದುರೆ ಬೇರೆ, ಕರೆದಾಗ ಬರುವ ಕುದುರೆ ಬೇರೆ. ನೆಚ್ಚಿಕೆಯನ್ನು ಅಳೆಯುವುದು ಕಾಲದಿಂದ. ವರ್ಷಕ್ಕೆ 8,760 ಗಂಟೆಗಳು. ಸೇವೆಯು ನೂರಕ್ಕೆ 99 ಪಾಲು ದೊರೆಯುತ್ತದೆಂದರೆ ಕೇಳಲು ಸೊಗಸಾಗಿದೆ; ಲೆಕ್ಕ ಹಾಕಿದರೆ ವರ್ಷದಲ್ಲಿ 87 ಗಂಟೆಗೂ ಹೆಚ್ಚು ಕಾಲ, ಎಂದರೆ ಮೂರೂವರೆ ದಿನಕ್ಕೂ ಮಿಗಿಲಾಗಿ, ಅದು ಇರುವುದಿಲ್ಲ. 99.5 ಎಂದರೆ ಸುಮಾರು 44 ಗಂಟೆ, 99.9 ಎಂದರೆ ಎಂಟೂಮುಕ್ಕಾಲು ಗಂಟೆ. ಆ ಗಂಟೆಗಳು ಬೇಸಗೆಯ ರಜೆಯಲ್ಲಿ ಬಂದರೆ ಯಾರಿಗೂ ತಿಳಿಯದು, ಕಡೆಯ ದಿನದ ಮಧ್ಯಾಹ್ನ ಬಂದರೆ ನಮ್ಮ ಗತಿಯಾಗುತ್ತದೆ.

ಸಂಪರ್ಕದ ಬಗೆಗಳು

ಈಗ ದೊರೆಯುವ ಸಂಪರ್ಕಗಳನ್ನು ಸ್ಥೂಲವಾಗಿ ನಾಲ್ಕು ಬಗೆಯೆನ್ನಬಹುದು.

ಮೊದಲನೆಯದು ಹಂಚಿಕೆಯ ಫೈಬರ್. ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಯೊಳಗೆ ಬೆಳಕು ಹರಿದು ಸುದ್ದಿಯನ್ನು ಒಯ್ಯುತ್ತದೆ. ವಿನಿಮಯ ಕೇಂದ್ರದಿಂದ ಹೊರಟ ಒಂದೇ ಎಳೆಯನ್ನು ಬೀದಿಯಲ್ಲಿ ಕವಲೊಡೆಸಿ 32 ಅಥವಾ 64 ಮನೆಗಳಿಗೆ ಕೊಡುವುದು ವಾಡಿಕೆ. ಹೆಚ್ಚಾಗಿ ಬಳಕೆಯಲ್ಲಿರುವ ವ್ಯವಸ್ಥೆಯಲ್ಲಿ ಆ ಎಳೆಯ ಒಟ್ಟು ಸಾಮರ್ಥ್ಯ ಇಳಿಕೆಗೆ ಸುಮಾರು 2,500 ಮೆಗಾಬಿಟ್, ಏರಿಕೆಗೆ ಅದರ ಅರ್ಧ. ಬೆಲೆ ಅಗ್ಗ, ವೇಗ ಸಾಕಷ್ಟು; ಆದರೆ ನೆರೆಹೊರೆಯವರೆಲ್ಲ ಒಟ್ಟಿಗೆ ಬಳಸುವ ಹೊತ್ತಿನಲ್ಲಿ ನಮ್ಮ ಪಾಲು ಕುಗ್ಗೀತು. ತುಂಡಾದರೆ ದುರಸ್ತಿ ಎಷ್ಟು ಹೊತ್ತಿನಲ್ಲಿ ಆಗಬೇಕೆಂಬ ಬಿಗಿಯಾದ ಕರಾರು ಈ ಬಗೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಎರಡನೆಯದು ಲೀಸ್ಡ್ ಲೈನ್. ಇಲ್ಲಿ ಒಪ್ಪಿದ ವೇಗವು ಏರಿಕೆ ಇಳಿಕೆ ಎರಡಕ್ಕೂ ಸಮನಾಗಿ ನಮಗೇ ಮೀಸಲು. ದುರಸ್ತಿಯ ಅವಧಿಯನ್ನೂ ತಪ್ಪಿದರೆ ಬಾಡಿಗೆಯಲ್ಲಿ ಕಡಿತವನ್ನೂ ಕರಾರಿನಲ್ಲಿ ಬರೆದಿರುತ್ತಾರೆ. ಬೆಲೆ ಹಂಚಿಕೆಯ ಫೈಬರಿನ ಹಲವು ಪಟ್ಟು. ಆದರೆ ಒಂದು ಮಾತನ್ನು ನೆನಪಿಡಬೇಕು: ಬಾಡಿಗೆಯ ಕಡಿತವು ಹಣವನ್ನು ಹಿಂದಿರುಗಿಸಬಲ್ಲದು, ಕಳೆದುಹೋದ ಕಡೆಯ ದಿನವನ್ನು ಹಿಂದಿರುಗಿಸಲಾರದು.

ಮೂರನೆಯದು ಮೊಬೈಲ್ ಜಾಲದ ನಾಲ್ಕನೆಯ ಅಥವಾ ಐದನೆಯ ತಲೆಮಾರಿನ ಸಂಪರ್ಕ. ಸಿಮ್ ಹಾಕುವ ರೌಟರ್ ಒಂದಿದ್ದರೆ ಅದೇ ದಿನ ಕೆಲಸ ಮಾಡುತ್ತದೆ. ಬೀದಿಯನ್ನು ಅಗೆದರೂ ನಮ್ಮ ಬಾಗಿಲಿನ ತಂತಿ ತುಂಡಾಗುವ ಭಯವಿಲ್ಲ. ಆದರೆ ಗೋಪುರದ ಬಳಿ ಜನ ಹೆಚ್ಚಿದರೆ ಇದು ಕುಂಟುತ್ತದೆ. ಅದೂ ಅಲ್ಲದೆ ಎಷ್ಟೋ ಗೋಪುರಗಳಿಗೆ ಸುದ್ದಿ ತಲಪುವುದು ನೆಲದೊಳಗಿನ ಫೈಬರಿನಿಂದಲೇ ಎಂಬುದನ್ನು ಮರೆಯಲಾಗದು.

ನಾಲ್ಕನೆಯದು ಉಪಗ್ರಹ. ಇದು ನಮ್ಮ ಭಾಗಕ್ಕೆ ಅಪರಿಚಿತವಲ್ಲ. 2004ರಲ್ಲಿ ಇಸ್ರೋ ಹಾರಿಸಿದ 'ಎಜುಸ್ಯಾಟ್' ಉಪಗ್ರಹದ ಮೂಲಕ ನೆರೆಯ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳನ್ನು ಬಿತ್ತರಿಸಿದ್ದರು; 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು. ಹಾಸನದ ಪ್ರಧಾನ ನಿಯಂತ್ರಣ ಕೇಂದ್ರದಿಂದ ನೋಡಿಕೊಳ್ಳುವಂಥ ಭೂಸ್ಥಿರ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಪ್ರಶ್ನೆ ಮೇಲೇರಿ ಇಳಿದು, ಉತ್ತರ ಮತ್ತೆ ಮೇಲೇರಿ ಇಳಿಯುವಷ್ಟರಲ್ಲಿ ಬೆಳಕಿಗೂ ಅರ್ಧ ಸೆಕೆಂಡಿನಷ್ಟು ಕಾಲ ಹಿಡಿಯುತ್ತದೆ. ಫೈಬರಿನಲ್ಲಾದರೆ ಮೈಸೂರಿನಿಂದ ಬೆಂಗಳೂರಿಗೆ ಹೋಗಿಬರಲು ಬೆಳಕಿಗೆ ಸೆಕೆಂಡಿನ ಸಾವಿರದ ಕೆಲವೇ ಪಾಲು ಸಾಕು. ಆದರೂ ಯಾವ ತಂತಿಯೂ ಗೋಪುರವೂ ತಲಪದ ಕಾಡಂಚಿನ ಶಾಲೆಗೆ ಈ ಅರ್ಧ ಸೆಕೆಂಡು ದೊಡ್ಡ ದೋಷವಲ್ಲ.

ಎರಡು ಎಂಬುದರ ನಿಜವಾದ ಅರ್ಥ

ಮೇಲಿನ ನಾಲ್ಕರಲ್ಲಿ ಯಾವುದೂ ತಾನೊಂದೇ ನಿರ್ದೋಷವಲ್ಲ. ಹಾಗಾದರೆ ಎರಡನ್ನು ಇಟ್ಟುಕೊಳ್ಳುವುದು ಲೇಸೆಂಬುದು ಎಲ್ಲರೂ ಹೇಳುವ ಮಾತು. ಗಣಿತವೂ ಅದನ್ನೇ ಹೇಳುತ್ತದೆ. ನೂರಕ್ಕೆ 99 ಪಾಲು ಸಿಗುವ ಎರಡು ಸಂಪರ್ಕಗಳು ಒಟ್ಟಿಗೆ ನಿಲ್ಲುವ ಸಂಭವ ಹತ್ತು ಸಾವಿರದಲ್ಲಿ ಒಂದು. ಎಂದರೆ ವರ್ಷದಲ್ಲಿ 53 ನಿಮಿಷ. ಮೂರೂವರೆ ದಿನದ ಕಷ್ಟವು ಒಂದು ಗಂಟೆಗಿಂತ ಕಡಿಮೆಯಾಯಿತು. ಎರಡು ಅಗ್ಗದ ಸಂಪರ್ಕಗಳು ಸೇರಿ ಒಂದು ದುಬಾರಿಯ ಸಂಪರ್ಕವನ್ನು ಮೀರಿಸುವುದು ಹೀಗೆ.

ಆದರೆ ಈ ಗಣಿತಕ್ಕೆ ಒಂದು ಷರತ್ತಿದೆ. ಒಂದು ನಿಲ್ಲುವ ಕಾರಣಕ್ಕೂ ಮತ್ತೊಂದು ನಿಲ್ಲುವ ಕಾರಣಕ್ಕೂ ಸಂಬಂಧವಿರಕೂಡದು. ಒಂದೇ ಕಾರಣವು ಎರಡನ್ನೂ ನಿಲ್ಲಿಸಬಲ್ಲುದಾದರೆ ಗುಣಾಕಾರವೆಲ್ಲ ಸುಳ್ಳು. ಎರಡು ಇದ್ದೂ ಒಂದೇ ಇದ್ದಂತೆ. ಒಂದೇ ಕೊಂಬೆಗೆ ಕಟ್ಟಿದ ಎರಡು ಜೋಲಿಗಳು ಕೊಂಬೆ ಮುರಿದಾಗ ಒಟ್ಟಿಗೆ ಬೀಳುವಂತೆ ಎಂದು ತಿಳಿಯಬಹುದು. ನಮ್ಮ ಬೀದಿಯ ಕೊಳವೆಯಲ್ಲಿ ಆದದ್ದು ಇದೇ.

ಇದು ಕೃಷ್ಣಮೂರ್ತಿಪುರಂನ ಒಂದು ಬೀದಿಗೆ ಸೀಮಿತವಾದ ಅವಿವೇಕವಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಡಿಯ ಎರಡು ಬೇರೆ ಬೇರೆ ಕೇಬಲ್ಲುಗಳು ಒಟ್ಟಿಗೆ ಕೆಟ್ಟು, ಭಾರತದಿಂದ ಪಶ್ಚಿಮಕ್ಕೆ ಹೋಗುವ ಅಂತರ್ಜಾಲದ ದೊಡ್ಡ ಪಾಲು ಕೆಲವು ದಿನ ಕುಂಠಿತವಾಯಿತು. ಒಡೆತನ ಬೇರೆ, ಹೆಸರು ಬೇರೆ; ಹಾದುಹೋಗುವ ಕಡಲು ಮಾತ್ರ ಒಂದೇ. ನಮ್ಮ ಹಳ್ಳಿಗಳ ಅನುಭವವೂ ಇದನ್ನೇ ಹೇಳುತ್ತದೆ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ 'ಭಾರತ್‌ನೆಟ್' ಎಂದು ಹೆಸರಾದ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ಫೈಬರನ್ನು ಬಹುಮಟ್ಟಿಗೆ ಕೊಂಬೆಯಿಂದ ಕೊಂಬೆಗೆ ಒಯ್ಯುವಂತೆ ನೇರ ಸಾಲಿನಲ್ಲಿ ಎಳೆದರು. ಸಾಲಿನ ನಡುವೆ ಒಂದು ಕಡೆ ಕಡಿದರೆ ಅದರಾಚೆಯ ಪಂಚಾಯಿತಿಗಳೆಲ್ಲ ಕತ್ತಲಾಗುತ್ತಿದ್ದವು. 2023ರ ಆಗಸ್ಟಿನಲ್ಲಿ ಒಪ್ಪಿಗೆಯಾದ ತಿದ್ದುಪಡಿಯ ಯೋಜನೆಯಲ್ಲಿ ಸಾಲಿನ ಬದಲು ಬಳೆಯ ಆಕಾರವನ್ನು ಆರಿಸಿಕೊಂಡಿದ್ದಾರೆ. ಬಳೆಯು ಒಂದು ಕಡೆ ತುಂಡಾದರೆ ಸುದ್ದಿ ಮತ್ತೊಂದು ಕಡೆಯಿಂದ ಸುತ್ತಿ ಬರುತ್ತದೆ. ಹಾಗೆಯೇ ಅಗೆಯುವವರು ಮುಂಚಿತವಾಗಿ ತಂತಿಗಳ ಒಡೆಯರಿಗೆ ತಿಳಿಸಲೆಂದು 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಎಂಬ ವ್ಯವಸ್ಥೆಯೂ ಆರಂಭವಾಯಿತು.

ಆದುದರಿಂದ ಎರಡನೆಯ ಸಂಪರ್ಕವನ್ನು ಕೊಳ್ಳುವಾಗ 'ಕಂಪನಿ ಬೇರೆಯೇ?' ಎಂದು ಕೇಳಿದರೆ ಸಾಲದು. 'ಕೆಡುವ ಕಾರಣ ಬೇರೆಯೇ?' ಎಂದು ಕೇಳಬೇಕು. ಈ ಒಂದು ಪ್ರಶ್ನೆಯಿಂದ ನಾಲ್ಕು ಪರೀಕ್ಷೆಗಳು ಹುಟ್ಟುತ್ತವೆ. ದಾರಿ ಬೇರೆಯೇ: ಒಂದು ಮುಂದಿನ ಬೀದಿಯ ಕೊಳವೆಯಲ್ಲಿ ಬಂದರೆ ಇನ್ನೊಂದು ಹಿಂದಿನ ಬೀದಿಯ ಕಂಬದಿಂದಲೋ ಗಾಳಿಯಿಂದಲೋ ಬರುತ್ತದೆಯೇ? ಮೂಲ ಬೇರೆಯೇ: ಚಿಕ್ಕ ಕಂಪನಿಯು ದೊಡ್ಡ ಕಂಪನಿಯಿಂದಲೇ ಸಗಟಿನಲ್ಲಿ ಕೊಂಡು ಚಿಲ್ಲರೆಯಾಗಿ ಮಾರುತ್ತಿಲ್ಲವಷ್ಟೆ? ಯಂತ್ರ ಬೇರೆಯೇ: ಎರಡೂ ಒಂದೇ ರೌಟರಿಗೆ ಬಂದು ಸೇರಿ, ಆ ರೌಟರೇ ಕೆಟ್ಟರೆ ಗತಿಯೇನು? ವಿದ್ಯುತ್ ಬೇರೆಯೇ: ಕರೆಂಟು ಹೋದಾಗ ಎರಡೂ ಒಂದೇ ಹಳೆಯ ಯುಪಿಎಸ್ಸಿನ ಮೇಲೆ ಉಸಿರಾಡುತ್ತಿವೆಯೇ? ನಮ್ಮಲ್ಲಿ ಈ ನಾಲ್ಕನ್ನೂ ಕೇಳಿದಾಗ ನಾಲ್ಕಕ್ಕೂ 'ಬೇರೆಯಲ್ಲ' ಎಂಬುದೇ ಉತ್ತರವಾಗಿತ್ತೆಂದು ಸಂಕೋಚದಿಂದ ಒಪ್ಪಿಕೊಳ್ಳುತ್ತೇನೆ.

ನೆಲೆಗೆ ತಕ್ಕ ಆಯ್ಕೆ

ಪದಗಳು ಸೇರಿ ವಾಕ್ಯವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ಶಾಸ್ತ್ರಕಾರರು ಹೇಳುತ್ತಾರೆ. ಹಲವು ನೆಲೆಗಳು ಸೇರಿ ಒಂದು ಸಂಸ್ಥೆಯಾಗುವುದಕ್ಕೂ ಈ ಮೂರೇ ಸಾಕೆಂದು ಉಪಸಮಿತಿಯಲ್ಲಿ ನಾನು ಹೇಳಿದಾಗ ನಕ್ಕವರೂ ಕಡೆಗೆ ಅದನ್ನೇ ಪಟ್ಟಿಯ ಶೀರ್ಷಿಕೆಗಳನ್ನಾಗಿ ಇಟ್ಟುಕೊಂಡರು.

ಆಕಾಂಕ್ಷೆಯೆಂದರೆ ಆ ನೆಲೆಗೆ ಬೇಕಾದುದೇನು ಎಂಬುದು. ಎಲ್ಲ ನೆಲೆಗಳಿಗೂ ಒಂದೇ ಬಗೆಯ ಸಂಪರ್ಕವನ್ನು ಸಗಟಾಗಿ ಕೊಳ್ಳುವುದು ಲೆಕ್ಕಪತ್ರಕ್ಕೆ ಸುಲಭ, ಉಪಯೋಗಕ್ಕೆ ಅಲ್ಲ. ಪ್ರತಿಯೊಂದು ನೆಲೆಯವರನ್ನೂ ನಾವು ಒಂದೇ ಪ್ರಶ್ನೆ ಕೇಳಿದೆವು: ಸಂಪರ್ಕವಿಲ್ಲದೆ ನೀವು ಎಷ್ಟು ಹೊತ್ತು ಕೆಲಸ ಸಾಗಿಸಬಲ್ಲಿರಿ? ಪರೀಕ್ಷಾ ಕೇಂದ್ರದವರು ಪರೀಕ್ಷೆಯ ದಿನ ಒಂದು ನಿಮಿಷವೂ ಆಗದೆಂದರು. ಕಾರ್ಯಾಲಯದವರು ಒಂದು ಗಂಟೆಯೆಂದರು. ವಿದ್ಯಾರ್ಥಿನಿಲಯದವರು, ಊಟದ ಲೆಕ್ಕ ಪುಸ್ತಕದಲ್ಲಿರುವುದರಿಂದ, ಒಂದು ದಿನವೆಂದರು. ಒಂದು ನಿಮಿಷದ ನೆಲೆಗೆ ಎರಡು ದಾರಿಗಳೂ ತಾನಾಗಿಯೇ ಬದಲಾಗುವ ರೌಟರೂ ಬೇಕು. ಒಂದು ಗಂಟೆಯ ನೆಲೆಗೆ ಕೈಯಿಂದ ಬದಲಾಯಿಸುವ ಎರಡನೆಯ ದಾರಿ ಸಾಕು. ಒಂದು ದಿನದ ನೆಲೆಗೆ ಒಂದೇ ಸಂಪರ್ಕವೂ ಒಂದು ಮೊಬೈಲೂ ಸಾಕು.

ಯೋಗ್ಯತೆಯೆಂದರೆ ಕೊಂಡ ವಸ್ತುವು ಆ ಕಾರ್ಯಕ್ಕೆ ಅರ್ಹವೇ ಎಂಬುದು. 'ಬೆಂಕಿಯಿಂದ ತೋಯಿಸು' ಎಂಬಲ್ಲಿ ಪದಗಳಿದ್ದರೂ ಯೋಗ್ಯತೆಯಿಲ್ಲ. ಏರಿಕೆಯ ವೇಗ ಕಡಿಮೆಯಿರುವ ಸಂಪರ್ಕದಿಂದ ಕ್ಯಾಮೆರಾ ದೃಶ್ಯಗಳನ್ನು ಕಳಿಸಹೊರಡುವುದು ಅಂಥದೇ. ನೆಲೆನೆಲೆಗಳ ನಡುವೆ ಲೆಕ್ಕಪತ್ರ ಓಡಾಡಬೇಕಾದರೆ ಸಾರ್ವಜನಿಕ ಜಾಲದೊಳಗೇ ಬೀಗಮುದ್ರೆಯುಳ್ಳ ಖಾಸಗಿ ಸುರಂಗವನ್ನು ಕಲ್ಪಿಸುವ 'ವಿಪಿಎನ್' ಎಂಬ ಉಪಾಯವಿದೆ. ಸಾಧಾರಣ ಸಂಸ್ಥೆಗೆ ಅದು ಸಾಕು. ಹತ್ತಾರು ಶಾಖೆಗಳುಳ್ಳ ವ್ಯಾಪಾರದವರಿಗೆ, ಎರಡು ಮೂರು ದಾರಿಗಳಲ್ಲಿ ಆಗಾಗ್ಗೆ ಉತ್ತಮವಾದುದನ್ನು ತಾನೇ ಆರಿಸುವ 'ಎಸ್‌ಡಿ-ವ್ಯಾನ್' ಎಂಬ ಯಂತ್ರವ್ಯವಸ್ಥೆ ಪ್ರಯೋಜನಕಾರಿ. ಒಂದು ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎಲ್ಲ ನೆಲೆಗಳ ಸಂಚಾರವನ್ನೂ ಪ್ರಧಾನ ಕಾರ್ಯಾಲಯದ ಮೂಲಕವೇ ಹಾಯಿಸಿದರೆ, ಪ್ರಧಾನದಲ್ಲಿ ಕೆಟ್ಟ ದಿನ ಎಲ್ಲೆಡೆಯೂ ಕೆಡುತ್ತದೆ. ಪ್ರತಿಯೊಂದು ನೆಲೆಯೂ ತನ್ನ ಬಾಗಿಲಿನಿಂದ ತಾನೇ ಹೊರಹೋಗುವಂತಿರಬೇಕು.

ಸನ್ನಿಧಿಯೆಂದರೆ ಸಮೀಪದಲ್ಲಿರುವುದು. ಕೆಟ್ಟಾಗ ಬರುವವನು ಎಲ್ಲಿದ್ದಾನೆ? ಗಾಜಿನ ಎಳೆಯನ್ನು ತಾಮ್ರದ ತಂತಿಯಂತೆ ಹೊಸೆದು ಕಟ್ಟಲಾಗದು. ಅದನ್ನು ಬೆಸೆಯಲು ವಿಶೇಷ ಯಂತ್ರವೂ ಬಲ್ಲ ಕೈಯೂ ಬೇಕು. ಪಟ್ಟಣದ ಬೀದಿಗೆ ಸಂಜೆಯೊಳಗೆ ಬರುವ ಕಂಪನಿಯವರು ಹಳ್ಳಿಯ ಶಾಲೆಗೆ ಮೂರು ದಿನ ಬಾರದಿರಬಹುದು. ಆದುದರಿಂದ ಒಂದೊಂದು ನೆಲೆಗೂ ಅಲ್ಲಿಯ ನೆರೆಯವರನ್ನು ವಿಚಾರಿಸಿ ಆರಿಸಬೇಕು. ಪಕ್ಕದ ಅಂಗಡಿಯವರನ್ನೂ ಅಂಚೆ ಕಚೇರಿಯವರನ್ನೂ 'ಕಳೆದ ಮಳೆಗಾಲದಲ್ಲಿ ಎಷ್ಟು ದಿನ ನಿಂತಿತ್ತು?' ಎಂದು ಕೇಳಿದರೆ ಸಿಗುವ ಉತ್ತರವು ಯಾವ ಜಾಹೀರಾತಿನಲ್ಲಿಯೂ ಸಿಗದು. ನಮ್ಮ ಹಳ್ಳಿಯ ಶಾಲೆಗೆ ಪಟ್ಟಣದಲ್ಲಿ ನಾವು ಮೆಚ್ಚಿದ ಕಂಪನಿಯನ್ನು ಬಿಟ್ಟು ಬೇರೊಂದನ್ನು ಆರಿಸಿದ್ದು ಈ ವಿಚಾರಣೆಯ ಫಲ.

ಕರಾರಿಗೆ ಸಹಿ ಮಾಡುವ ಮುನ್ನ

ಕರಾರುಪತ್ರದಲ್ಲಿ ಪಂಡಿತನ ಕಣ್ಣಿಗೆ ಬಿದ್ದ ಕೆಲವು ಪದಗಳನ್ನು ಹೇಳಿ ಮುಗಿಸುತ್ತೇನೆ. ವೇಗದ ಮುಂದೆ 'ವರೆಗೆ' ಎಂಬ ಪ್ರತ್ಯಯದಂಥ ಪದವೊಂದಿರುತ್ತದೆ. 'ನೂರರವರೆಗೆ' ಎಂದರೆ ಹತ್ತಾದರೂ ಮಾತು ತಪ್ಪಿದಂತಲ್ಲ. ಕನಿಷ್ಠ ಎಷ್ಟೆಂಬುದನ್ನು ಬರೆಸಿಕೊಳ್ಳಬೇಕು. 'ದೂರಿಗೆ ಸ್ಪಂದಿಸುವ ಅವಧಿ' ಬೇರೆ, 'ದುರಸ್ತಿ ಮುಗಿಸುವ ಅವಧಿ' ಬೇರೆ. ದೂರವಾಣಿಯಲ್ಲಿ ಉತ್ತರ ಕೊಟ್ಟರೆ ಮೊದಲನೆಯದು ತೀರಿತು, ತಂತಿ ಹಾಗೆಯೇ ಇರುತ್ತದೆ. 'ಮಿತಿಯಿಲ್ಲದ ಬಳಕೆ' ಎಂಬಲ್ಲಿ ಇಂತಿಷ್ಟರ ಮೇಲೆ ವೇಗ ಇಳಿಯುವುದೆಂದು ಕೆಳಗೆ ಸಣ್ಣ ಅಕ್ಷರದಲ್ಲಿರಬಹುದು. ಹೇಳಿದ ಬಾಡಿಗೆಯ ಮೇಲೆ ನೂರಕ್ಕೆ 18ರಂತೆ ತೆರಿಗೆ ಸೇರುವುದನ್ನು ಆಯವ್ಯಯದಲ್ಲಿ ಮೊದಲೇ ಎಣಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಂತಿಯು ನಮ್ಮ ಬಾಗಿಲಿಗೆ ಬರುವ ದಾರಿಯ ನಕ್ಷೆಯನ್ನು ಕಾಗದದಲ್ಲಿ ಕೇಳಬೇಕು. ಕೊಡಲೊಪ್ಪದವರ ಎರಡನೆಯ ಸಂಪರ್ಕವನ್ನು ಎರಡನೆಯದೆಂದು ಎಣಿಸಬಾರದು.

ಇಷ್ಟೆಲ್ಲ ಆದಮೇಲೂ ಒಂದು ಪರೀಕ್ಷೆ ಉಳಿಯುತ್ತದೆ. ಮಕ್ಕಳಿಗೆ ಪೂರ್ವಸಿದ್ಧತಾ ಪರೀಕ್ಷೆ ಇಡುವ ನಾವು ತಂತಿಗೂ ಇಡಬೇಕು. ತಿಂಗಳಿಗೊಮ್ಮೆ, ಕೆಲಸದ ವೇಳೆಯಲ್ಲಿಯೇ, ಮೊದಲನೆಯ ಸಂಪರ್ಕದ ತಂತಿಯನ್ನು ಕೈಯಾರೆ ಕಿತ್ತು ಎರಡನೆಯದು ನಡೆಯುವುದೇ ಎಂದು ನೋಡಬೇಕು. ಬಳಸದ ಬಾವಿಯ ನೀರು ಬೇಕಾದ ದಿನ ಕುಡಿಯಲಾಗದು. ಜೊತೆಗೆ, ಎರಡೂ ನಿಂತ ದಿನಕ್ಕಾಗಿ ವಿವರಗಳ ಒಂದು ಪ್ರತಿ ಆಯಾ ನೆಲೆಯಲ್ಲಿಯೇ ಇರಬೇಕು. ಕಡೆಯ ದಿನಕ್ಕೆ ಕಾಯದೆ ನಾಲ್ಕು ದಿನ ಮೊದಲೇ ಕೆಲಸ ಮುಗಿಸುವ ಅಭ್ಯಾಸವಂತೂ ಯಾವ ಸಂಪರ್ಕಕ್ಕಿಂತಲೂ ಹೆಚ್ಚು ನೆಚ್ಚತಕ್ಕದ್ದು, ಮತ್ತು ಅದಕ್ಕೆ ಬಾಡಿಗೆಯಿಲ್ಲ.

ನಮ್ಮಲ್ಲಿ ಆದ ಮಾರ್ಪಾಟು ದೊಡ್ಡದೇನಲ್ಲ. ಕೃಷ್ಣಮೂರ್ತಿಪುರಂನಲ್ಲಿ ಒಂದು ಫೈಬರನ್ನು ಉಳಿಸಿಕೊಂಡು, ಅದೇ ಕೊಳವೆಯ ಇನ್ನೊಂದನ್ನು ಬಿಟ್ಟು, ಬೇರೆ ಕಂಪನಿಯ ಮೊಬೈಲ್ ಸಂಪರ್ಕವನ್ನು ಬೇರೆ ರೌಟರ್, ಬೇರೆ ಬ್ಯಾಟರಿಯೊಡನೆ ಮೇಲಂತಸ್ತಿನಲ್ಲಿಟ್ಟೆವು. ತಿಂಗಳ ಖರ್ಚು ಹಿಂದಿಗಿಂತ ಕಡಿಮೆಯೇ ಆಯಿತು. ಉಳಿದ ಹಣ ಹಳ್ಳಿಯ ಶಾಲೆಯ ಎರಡನೆಯ ದಾರಿಗೆ ಒದಗಿತು. ಆಮೇಲೆ ಬೀದಿಯನ್ನು ಮತ್ತೊಮ್ಮೆ ಅಗೆದರು, ಫೈಬರು ಮತ್ತೊಮ್ಮೆ ತುಂಡಾಯಿತು. ಆ ದಿನ ಗುಮಾಸ್ತರು ಎದ್ದು ನಿಂತವರಲ್ಲ. ಸಂಜೆ ನಾವು ಕೇಳಿದಾಗಲೇ ಅವರಿಗೆ ವಿಷಯ ತಿಳಿದದ್ದು.

ದಾನಿಗಳು ಕೊಠಡಿಯನ್ನು ಕಟ್ಟಿಸಿದರೆ ಗೋಡೆಯಲ್ಲಿ ಅವರ ಹೆಸರಿನ ಕಲ್ಲು ಇರುತ್ತದೆ. ಎರಡನೆಯ ದಾರಿಗೆ ಕೊಟ್ಟ ಹಣಕ್ಕೆ ಕಲ್ಲೂ ಇಲ್ಲ, ಕಾಣುವ ರೂಪವೂ ಇಲ್ಲ. ಅದು ಸಾರ್ಥಕವಾಗುವ ದಿನ ಏನೂ ಆಗಲಿಲ್ಲವೆಂಬುದೇ ಅದರ ಗುರುತು. ಆದರೂ ನಲವತ್ತೊಂದು ಮಕ್ಕಳ ಒಂದೊಂದು ವರ್ಷ ಅದರ ಮೇಲೆ ನಿಂತಿದ್ದುದನ್ನು ಕಂಡವನಾಗಿ, ಅಂಥ ಹೆಸರಿಲ್ಲದ ದಾನವನ್ನೂ ಮಹನೀಯರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ವಿನಯಪೂರ್ವಕವಾಗಿ ವಿಜ್ಞಾಪಿಸಿಕೊಳ್ಳುತ್ತೇನೆ. ಕೊಡುವ ಮುನ್ನ ಎರಡು ತಂತಿಗಳೂ ಒಂದೇ ಗುಂಡಿಯಲ್ಲಿ ಇಳಿಯುತ್ತವೆಯೇ ಎಂದು ನಮ್ಮನ್ನು ತಪ್ಪದೆ ಕೇಳಬೇಕೆಂದೂ ಪ್ರಾರ್ಥನೆ.